ಜಾಂಗ್ ಸು-ಜಂಗ್ 114ಕ್ಕೆ ಬಂದರು. ನೂರರೊಳಗೆ ಬರಲಿಲ್ಲ ಏಕೆ?

ಪ್ರಶ್ನೆ: ಕೊರಿಯಾದ ಟೆನಿಸ್ ಆಟಗಾರ್ತಿ ಜಾಂಗ್ ಸು-ಜಂಗ್ 18ನೇ ವಯಸ್ಸಿಗೇ ಡಬ್ಲ್ಯುಟಿಎ (ಮಹಿಳಾ ವೃತ್ತಿಪರ ಟೆನಿಸ್ ಸಂಘಟನೆ) ಟೂರ್ನಿಯ ಕ್ವಾರ್ಟರ್‌ಫೈನಲ್ ಆಡಿದ್ದರಂತೆ. ಆದರೆ ಅವರ ಅತ್ಯುತ್ತಮ ರ‍್ಯಾಂಕಿಂಗ್ ಬಂದದ್ದು 27ನೇ ವಯಸ್ಸಿನಲ್ಲಿ, ಅದೂ 114. ನಡುವಿನ ಒಂಬತ್ತು ವರ್ಷ ಏನಾಯಿತು? ಅಷ್ಟು ವರ್ಷ ಖರ್ಚಿಗೆ ಹಣ ಎಲ್ಲಿಂದ ಬಂತು? ನೂರರ ಗೆರೆ ದಾಟಲು ಏನು ಅಡ್ಡಿಯಾಯಿತು? ನನ್ನ ಮಗಳಿಗೆ 16, ಜೂನಿಯರ್ ಟೂರ್ನಿಗಳನ್ನು ಆಡುತ್ತಿದ್ದಾಳೆ. ಇಂಥ ವೃತ್ತಿಜೀವನದಿಂದ ನಾವು ಏನು ತಿಳಿದುಕೊಳ್ಳಬಹುದು? — ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪು ಎಣಿಕೆ ಅಡಗಿದೆ, ಮೊದಲು ಅದನ್ನು ಸರಿಮಾಡೋಣ. 114 ಮತ್ತು 100ರ ನಡುವೆ ಇರುವುದು ಆಟದ ಗುಣಮಟ್ಟದ ದೊಡ್ಡ ಕಂದಕವಲ್ಲ. ಒಂದೆರಡು ಪಂದ್ಯಗಳ ಫಲಿತಾಂಶ, ಆ ಪಂದ್ಯಗಳು ಯಾವ ಟೂರ್ನಿಯಲ್ಲಿ ನಡೆದವು ಎಂಬುದು, ಮತ್ತೆ ವರ್ಷದ ವೇಳಾಪಟ್ಟಿ, ಇಷ್ಟೇ. ಜಾಂಗ್ ಅವರ 2022ನೇ ಇಸವಿಯನ್ನು ಲೆಕ್ಕ ಬಿಡಿಸಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಬಾಲ್ಯ, ಶಾಲೆ, ತರಬೇತಿ ಎಂದು ಕ್ರಮವಾಗಿ ಹೋಗುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಕೊರಿಯನ್ನರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ‘ಜಾಂಗ್’ ಮನೆತನ, ‘ಸು-ಜಂಗ್’ ಅವರ ಸ್ವಂತ ಹೆಸರು. ಟೂರ್ನಿಯ ಡ್ರಾ ಹಾಳೆಗಳಲ್ಲಿ ಕೆಲವೊಮ್ಮೆ ತಿರುಗಾಮುರುಗಾ ಅಚ್ಚಾಗುವುದರಿಂದ ಹುಡುಕುವಾಗ ಎರಡೂ ರೀತಿಯಲ್ಲಿ ನೋಡಿ.

2022ರ ಜನವರಿ, ಮೆಲ್ಬರ್ನ್. ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳನ್ನು ಗ್ರ್ಯಾನ್‌ಸ್ಲಾಮ್ ಎನ್ನುತ್ತಾರೆ. ಗ್ರ್ಯಾನ್‌ಸ್ಲಾಮ್ ಮಹಿಳಾ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಜಾಗಗಳಿರುತ್ತವೆ. ಅದರಲ್ಲಿ 104 ಮಂದಿಗೆ ರ‍್ಯಾಂಕಿಂಗ್ ಮೇಲೆ ನೇರ ಪ್ರವೇಶ, 8 ಮಂದಿಗೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ಕೊಡುವ ವಿಶೇಷ ಪ್ರವೇಶ. ಉಳಿದ 16 ಜಾಗಗಳಿಗೆ ಇನ್ನೊಂದು 128 ಮಂದಿ ಮೂರು ಸುತ್ತಿನ ಅರ್ಹತಾ ಪಂದ್ಯಗಳಲ್ಲಿ ಹೊಡೆದಾಡಬೇಕು. ಜಾಂಗ್ ಆ ಮೂರೂ ಪಂದ್ಯ ಗೆದ್ದು ಆಸ್ಟ್ರೇಲಿಯನ್ ಓಪನ್ ಮುಖ್ಯ ಸುತ್ತಿಗೆ ಬಂದರು. ಅಲ್ಲಿ ಎದುರಾದವರು ಮಾಂಟೆನೆಗ್ರೋದ ದಾಂಕಾ ಕೊವಿನಿಚ್. ಪಂದ್ಯ ಮೂರನೇ ಸೆಟ್‌ವರೆಗೆ ಹೋಯಿತು, ಜಾಂಗ್ ಸೋತರು. ಇದೇ ಕೊವಿನಿಚ್ ಮುಂದಿನ ಸುತ್ತಿನಲ್ಲಿ ಆಗಿನ ಯುಎಸ್ ಓಪನ್ ಚಾಂಪಿಯನ್ ಎಮಾ ರಾಡುಕಾನು ಅವರನ್ನು ಮನೆಗೆ ಕಳಿಸಿದರು ಎಂದರೆ ಜಾಂಗ್ ಯಾವ ಮಟ್ಟದ ಆಟ ಆಡಿದ್ದರೆಂದು ಅಂದಾಜಾಗುತ್ತದೆ.

ಈಗ ಲೆಕ್ಕ. ಅರ್ಹತಾ ಸುತ್ತು ದಾಟಿದ್ದಕ್ಕೆ 40 ಪಾಯಿಂಟ್, ಮೊದಲ ಸುತ್ತಿನಲ್ಲಿ ಸೋತದ್ದಕ್ಕೆ 10, ಒಟ್ಟು 50. ಮೊದಲ ಸುತ್ತಿನ ಬಹುಮಾನ 1,03,000 ಆಸ್ಟ್ರೇಲಿಯನ್ ಡಾಲರ್, ಆಗಿನ ದರದಲ್ಲಿ ಸುಮಾರು 55 ಲಕ್ಷ ರೂಪಾಯಿ. ಕೊವಿನಿಚ್ ವಿರುದ್ಧದ ಆ ಮೂರನೇ ಸೆಟ್ ಗೆದ್ದಿದ್ದರೆ? ಎರಡನೇ ಸುತ್ತಿಗೆ 70, ಅರ್ಹತಾ ಸುತ್ತಿನ 40 ಸೇರಿ 110 ಪಾಯಿಂಟ್. ಹಣ 1,54,000 ಡಾಲರ್. ಅಂದರೆ ಒಂದೇ ಒಂದು ಸೆಟ್ಟಿನ ಬೆಲೆ 60 ಪಾಯಿಂಟ್ ಮತ್ತು 51,000 ಡಾಲರ್.

ಈ 50 ಪಾಯಿಂಟನ್ನು ಕೆಳಗಿನ ಹಂತದ ಟೂರ್ನಿಯೊಂದಿಗೆ ಹೋಲಿಸಿ ನೋಡಿ. ಆ ವರ್ಷ ಐಟಿಎಫ್‌ನ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) 25 ಸಾವಿರ ಡಾಲರ್ ದರ್ಜೆಯ ಟೂರ್ನಿ ಗೆದ್ದವರಿಗೂ 50 ಪಾಯಿಂಟೇ ಸಿಗುತ್ತಿತ್ತು. ಅದಕ್ಕೆ ಒಂದೇ ವಾರದಲ್ಲಿ ಐದು ಪಂದ್ಯ ಸತತವಾಗಿ ಗೆಲ್ಲಬೇಕು. ಚಾಂಪಿಯನ್‌ಗೆ ಸಿಗುತ್ತಿದ್ದ ಹಣ 4,000 ಅಮೆರಿಕನ್ ಡಾಲರ್ ಆಸುಪಾಸು. ಅದರಲ್ಲೇ ವಿಮಾನ, ಹೋಟೆಲ್, ಊಟ, ರ‍್ಯಾಕೆಟ್‌ನ ತಂತಿ, ಜೊತೆಗೆ ಕೋಚ್ ಬಂದಿದ್ದರೆ ಅವರ ಖರ್ಚೂ ಆಗಬೇಕು. ಪಾಯಿಂಟ್ ಒಂದೇ, ಹಣದಲ್ಲಿ ಅಜಗಜಾಂತರ. ನೂರರ ಗೆರೆ ಅಷ್ಟು ಮುಖ್ಯವಾಗುವುದು ಇದಕ್ಕೇ. ಅದರ ಒಳಗಿರುವವರಿಗೆ ವರ್ಷಕ್ಕೆ ನಾಲ್ಕು ಬಾರಿ ಈ ಮೊದಲ ಸುತ್ತಿನ ಹಣ ಖಾತ್ರಿ. 114ರಲ್ಲಿರುವವರು ಅದೇ ಹಣಕ್ಕಾಗಿ ಪ್ರತಿ ಸಲ ಮೂರು ಪಂದ್ಯ ಗೆದ್ದು ಬರಬೇಕು.

ಜುಲೈ ತಿಂಗಳಲ್ಲಿ ಬಂದದ್ದು ಅವರ ವೃತ್ತಿಯ ಅತಿ ದೊಡ್ಡ ಗೆಲುವು. ಸ್ವೀಡನ್ನಿನ ಬೋಸ್ಟಾಡ್‌ನಲ್ಲಿ ಕ್ಲೇ (ಮಣ್ಣಿನ) ಕೋರ್ಟ್ ಮೇಲೆ ನಡೆದ ಡಬ್ಲ್ಯುಟಿಎ 125 ದರ್ಜೆಯ ಟೂರ್ನಿ, ಅಂದರೆ ಮುಖ್ಯ ಡಬ್ಲ್ಯುಟಿಎ ಪ್ರವಾಸಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಫೈನಲ್‌ನಲ್ಲಿ ಆಗ ಸ್ಪೇನ್ ಪರ ಆಡುತ್ತಿದ್ದ ರೆಬೆಕಾ ಮಸರೋವಾ ವಿರುದ್ಧ ಮೊದಲ ಸೆಟ್ 3–6ರಿಂದ ಕಳೆದುಕೊಂಡು, ಮುಂದಿನ ಎರಡನ್ನು 6–3, 6–1ರಿಂದ ಗೆದ್ದರು. ಇಲ್ಲಿ ಗೆಲುವಿನಷ್ಟೇ ಗಮನಿಸಬೇಕಾದ್ದು ಟೂರ್ನಿಯ ಆಯ್ಕೆ. ಅದು ನಡೆದದ್ದು ವಿಂಬಲ್ಡನ್‌ನ ಎರಡನೇ ವಾರ. ವಿಂಬಲ್ಡನ್‌ನಲ್ಲಿ ಇನ್ನೂ ಉಳಿದಿದ್ದವರು ಲಂಡನ್ ಬಿಟ್ಟು ಬರುವಂತಿರಲಿಲ್ಲ. ಬೇಗ ಸೋತವರಲ್ಲಿ ಹಲವರು ವಿಶ್ರಾಂತಿಗೆ ಹೋಗಿರುತ್ತಾರೆ. ಇನ್ನು ಕೆಲವರಿಗೆ ಹುಲ್ಲಿನಿಂದ ಕೂಡಲೇ ಮಣ್ಣಿಗೆ ಹೊಂದಿಕೊಳ್ಳಲು ಇಷ್ಟವಿರುವುದಿಲ್ಲ. ಹುಲ್ಲಿನ ಮೇಲೆ ಚೆಂಡು ತಗ್ಗಿ ಜಾರಿ ಬರುತ್ತದೆ, ಮಣ್ಣಿನ ಮೇಲೆ ನಿಧಾನವಾಗಿ ಎದೆಮಟ್ಟಕ್ಕೆ ಏಳುತ್ತದೆ. ಹೆಜ್ಜೆ, ಹಿಡಿತ, ಹೊಡೆತದ ಸಮಯ ಎಲ್ಲ ಬದಲಾಗಬೇಕು. ಅಂಥ ವಾರದಲ್ಲಿ ಯುರೋಪಿನಲ್ಲೇ ಉಳಿದು ಕ್ಲೇ ಮೇಲೆ ಆಡುವ ನಿರ್ಧಾರ ಏಷ್ಯಾದ ಆಟಗಾರ್ತಿಗೆ ಸುಲಭವಲ್ಲ. ಮನೆಗೆ ಹೋಗಿ ಬರುವ ಆಸೆ ಆಗಲೇ ಹೆಚ್ಚು. ನನ್ನ ಪ್ರಕಾರ ಜಾಂಗ್ ಅವರ ವೃತ್ತಿಯ ಅತ್ಯಂತ ಜಾಣ ನಿರ್ಧಾರ ಅದು.

ಆ ಗೆಲುವಿಗೆ ಆಗಿನ ಕೋಷ್ಟಕದಂತೆ 160 ಪಾಯಿಂಟ್ ಬಂತು, ಆ ತಿಂಗಳಲ್ಲೇ 114ರ ಸ್ಥಾನವೂ ಬಂತು. ರಷ್ಯಾ, ಬೆಲಾರೂಸ್ ಆಟಗಾರರನ್ನು ವಿಂಬಲ್ಡನ್ ಹೊರಗಿಟ್ಟಿದ್ದರಿಂದ ಆ ವರ್ಷ ಅಲ್ಲಿ ಯಾರಿಗೂ ರ‍್ಯಾಂಕಿಂಗ್ ಪಾಯಿಂಟ್ ಕೊಡಲಿಲ್ಲ ಎಂಬುದನ್ನೂ ನೆನಪಿಡಿ. ಬೇರೆಯವರ ಹಳೆಯ ಪಾಯಿಂಟ್‌ಗಳು ಕರಗುತ್ತಿದ್ದ ಹೊತ್ತಿನಲ್ಲಿ 160 ಪಾಯಿಂಟ್ ಕೈಗೆ ಬಂದದ್ದು ಇನ್ನಷ್ಟು ತೂಗಿತು.

ಹಾಗಾದರೆ ಅಲ್ಲಿಂದ ಮೇಲೇಕೆ ಹೋಗಲಿಲ್ಲ? ಇಲ್ಲೇ ಬಹಳ ಮಂದಿ ಎಡವುವುದು. ರ‍್ಯಾಂಕಿಂಗ್ ಎಂದರೆ ಉಳಿತಾಯ ಖಾತೆಯಲ್ಲ. ಪ್ರತಿಯೊಂದು ಫಲಿತಾಂಶಕ್ಕೂ 52 ವಾರದ ಆಯುಷ್ಯ. ಆ ವರ್ಷ ಅತ್ಯುತ್ತಮ 16 ಟೂರ್ನಿಗಳ ಪಾಯಿಂಟ್ ಲೆಕ್ಕಕ್ಕೆ ಬರುತ್ತಿತ್ತು, ಈಗ ಅದು 18. ಆಸ್ಟ್ರೇಲಿಯಾದ 50 ಪಾಯಿಂಟ್ 2023ರ ಜನವರಿಗೆ ಉದುರುತ್ತದೆ, ಬೋಸ್ಟಾಡ್‌ನ 160 ಅದೇ ವರ್ಷದ ಜುಲೈಗೆ. ಒಟ್ಟು 210. ಆ ಹಂತದಲ್ಲಿರುವವರ ಇಡೀ ವರ್ಷದ ಗಳಿಕೆಯಲ್ಲಿ ಇದು ದೊಡ್ಡ ಪಾಲು. ಎರಡೇ ವಾರಗಳಲ್ಲಿ ದಪ್ಪವಾಗಿ ಬಂದದ್ದು ಹೋಗುವಾಗಲೂ ದಪ್ಪವಾಗಿಯೇ ಹೋಗುತ್ತದೆ. ಅದನ್ನು ಕಾಯ್ದುಕೊಳ್ಳಬೇಕಾದರೆ ಮುಂದಿನ ಜುಲೈ ಬರುವ ಮೊದಲೇ ಬೇರೆ ವಾರಗಳಲ್ಲಿ ಅಷ್ಟನ್ನು ಚದುರಿಸಿ ಗಳಿಸಿಟ್ಟಿರಬೇಕು. ಸ್ಥಾನ ಮೇಲೆ ಹೋದಂತೆ ಆಡುವ ಟೂರ್ನಿಗಳ ದರ್ಜೆಯೂ ಏರುತ್ತದೆ, ಮೊದಲ ಸುತ್ತಿನಲ್ಲೇ 50–60ನೇ ಸ್ಥಾನದವರು ಎದುರಾಗುತ್ತಾರೆ. ಮೊದಲ ಸುತ್ತಿನ ಸೋಲಿಗೆ, ಮುಖ್ಯ ಪ್ರವಾಸದ ಅತಿ ಕೆಳಗಿನ ದರ್ಜೆಯಾದ ಡಬ್ಲ್ಯುಟಿಎ 250 ಟೂರ್ನಿಯಲ್ಲಿ ಸಿಗುವುದು ಒಂದೇ ಪಾಯಿಂಟ್. ನಾಲ್ಕು ವಾರ ಸಾಲಾಗಿ ದೊಡ್ಡ ಟೂರ್ನಿಯಲ್ಲಿ ಬೇಗ ಸೋತರೆ ನಾಲ್ಕು ವಾರ ಖಾಲಿ. ಕೆಳಗಿಳಿದು ಸಣ್ಣ ಟೂರ್ನಿ ಆಡಿದರೆ ಗೆಲ್ಲಬಹುದು, ಆದರೆ ಗೆದ್ದರೂ ಅಲ್ಲಿನ ಪಾಯಿಂಟ್ ಸಾಲದು. 100ರಿಂದ 150ರವರೆಗಿನ ಎಲ್ಲರೂ ಪ್ರತಿ ಸೋಮವಾರ ಈ ಇಕ್ಕಟ್ಟಿನಲ್ಲೇ ಇರುತ್ತಾರೆ.

ಇನ್ನು ನಡುವಿನ ಒಂಬತ್ತು ವರ್ಷಗಳ ವಿಚಾರ. 2013ರಲ್ಲಿ ಸೋಲ್ ನಗರದ ಒಲಿಂಪಿಕ್ ಪಾರ್ಕ್‌ನಲ್ಲಿ ನಡೆದ ಕೊರಿಯಾ ಓಪನ್‌ಗೆ ಜಾಂಗ್ ಅವರಿಗೆ ವೈಲ್ಡ್ ಕಾರ್ಡ್ ಸಿಕ್ಕಿತ್ತು. 18ರ ಹುಡುಗಿ ಎರಡು ಪಂದ್ಯ ಗೆದ್ದು ಕ್ವಾರ್ಟರ್‌ಫೈನಲ್ ತಲುಪಿದರು. ತವರಿನ ಆ ಟೂರ್ನಿಯ ಸಿಂಗಲ್ಸ್‌ನಲ್ಲಿ ಕೊರಿಯಾದ ಹೆಣ್ಣುಮಗಳೊಬ್ಬಳು ಅಷ್ಟು ದೂರ ಹೋದದ್ದು ದೊಡ್ಡ ಸುದ್ದಿಯಾಯಿತು. ಆದರೆ ಒಂದು ವಾರದ ವೈಲ್ಡ್ ಕಾರ್ಡ್ ಓಟದಿಂದ ರ‍್ಯಾಂಕಿಂಗ್ ಕಟ್ಟಲು ಬರುವುದಿಲ್ಲ. ಮುಂದಿನ ವರ್ಷಗಳು ಚೀನಾ, ಜಪಾನ್, ಆಸ್ಟ್ರೇಲಿಯಾ ಸುತ್ತಿನ ಐಟಿಎಫ್ ಟೂರ್ನಿಗಳಲ್ಲಿ, ಡಬ್ಲ್ಯುಟಿಎ ಅರ್ಹತಾ ಸುತ್ತುಗಳಲ್ಲಿ ಕಳೆದವು. 2017ರ ನವೆಂಬರ್‌ನಲ್ಲಿ ಹೊನೊಲುಲುವಿನ ಡಬ್ಲ್ಯುಟಿಎ 125 ಟೂರ್ನಿಯ ಫೈನಲ್‌ಗೆ ಬಂದು ಚೀನಾದ ಜಾಂಗ್ ಶುವಾಯಿ ಎದುರು ಸೋತರು. ಅಂದರೆ ಬೋಸ್ಟಾಡ್ ಆಕಾಶದಿಂದ ಉದುರಿದ್ದಲ್ಲ. ಅದೇ ದರ್ಜೆಯ ಫೈನಲ್ ಐದು ವರ್ಷ ಹಿಂದೆಯೇ ಆಡಿದ್ದರು.

ಖರ್ಚಿನ ಪ್ರಶ್ನೆಗೆ ಉತ್ತರ ಕೊರಿಯಾದ್ದೇ ಆದ ಒಂದು ವ್ಯವಸ್ಥೆಯಲ್ಲಿದೆ. ಅದನ್ನು ಅಲ್ಲಿ ‘ಸಿಲಪ್’ ತಂಡ ಎನ್ನುತ್ತಾರೆ. ನಗರಾಡಳಿತಗಳು, ಬ್ಯಾಂಕುಗಳು, ಕಂಪನಿಗಳು ತಮ್ಮದೇ ಟೆನಿಸ್ ತಂಡ ಇಟ್ಟುಕೊಂಡು ಆಟಗಾರರಿಗೆ ಸಂಬಳ ಕೊಡುತ್ತವೆ. 2022ರಲ್ಲಿ ಜಾಂಗ್ ಡೇಗು ನಗರಸಭೆಯ ತಂಡದವರು, ಅವರ ಸಮಕಾಲೀನ ಎಡಗೈ ಆಟಗಾರ್ತಿ ಹಾನ್ ನಾ-ರೇ ಬುಚಾನ್ ನಗರಸಭೆಯವರು. ಎನ್‌ಎಚ್ ನೊಂಗ್ಯುಪ್ ಬ್ಯಾಂಕಿನ ಮಹಿಳಾ ತಂಡವೂ ಹೆಸರುವಾಸಿ. ನಮ್ಮಲ್ಲಿ ರೈಲ್ವೆಯಂಥ ಸಂಸ್ಥೆಗಳು ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವುದಕ್ಕೆ ಇದನ್ನು ಹೋಲಿಸಬಹುದು. ವ್ಯತ್ಯಾಸವೇನೆಂದರೆ ಅಲ್ಲಿ ಆಟವೇ ಕೆಲಸ, ತಂಡಕ್ಕೆ ಕೋಚ್, ಅಂಕಣ, ಅಭ್ಯಾಸದ ಜೊತೆಗಾರರು ಎಲ್ಲ ಇರುತ್ತಾರೆ.

ಈ ವ್ಯವಸ್ಥೆ ಇಲ್ಲದಿದ್ದರೆ 150–250ರ ನಡುವೆ ಹತ್ತು ವರ್ಷ ಉಳಿಯುವುದು ಹೆಚ್ಚಿನ ಕೊರಿಯನ್ ಹೆಣ್ಣುಮಕ್ಕಳಿಗೆ ಆಗದ ಮಾತು. ಅದೇ ವ್ಯವಸ್ಥೆ ಕಾಲಿಗೆ ತೊಡಕಾಗುವುದೂ ಉಂಟು. ಸಂಬಳ ಕೊಡುವ ನಗರಕ್ಕೆ ಬೇಕಾದ್ದು ದೇಶದೊಳಗಿನ ಪದಕ. ಅದರಲ್ಲೂ ಶರತ್ಕಾಲದಲ್ಲಿ ನಡೆಯುವ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ತಮ್ಮ ಪ್ರಾಂತ್ಯದ ಹೆಸರು ಮೇಲೆ ಬರಬೇಕು. ಸೆಪ್ಟೆಂಬರ್–ಅಕ್ಟೋಬರ್ ಎಂದರೆ ಡಬ್ಲ್ಯುಟಿಎ ಪ್ರವಾಸ ಏಷ್ಯಾಕ್ಕೆ ಬರುವ ಕಾಲ: ಸೋಲ್, ಟೋಕಿಯೊ, ಬೀಜಿಂಗ್, ವುಹಾನ್. ಪ್ರವಾಸದ ಖರ್ಚು ಕಡಿಮೆ, ಸಮಯದ ಅಂತರ ಕಡಿಮೆ, ಏಷ್ಯಾದವರಿಗೆ ಪಾಯಿಂಟ್ ಗಳಿಸಲು ವರ್ಷದಲ್ಲೇ ಅನುಕೂಲದ ವಾರಗಳವು. ಅಂಥ ಹೊತ್ತಲ್ಲಿ ಒಂದು ವಾರವನ್ನು ಪಾಯಿಂಟ್ ಇಲ್ಲದ ಕೂಟಕ್ಕೆ ಕೊಡಬೇಕಾಗಿ ಬರಬಹುದು. ದೇಶದೊಳಗಿನ ಟೂರ್ನಿ ಗೆದ್ದರೆ ಒಪ್ಪಂದ ನವೀಕರಣ ಸಲೀಸು. ಹೊರಗೆ ಹೋಗಿ ಮೊದಲ ಸುತ್ತಿನಲ್ಲಿ ಸೋತು ಬಂದರೆ ಲೆಕ್ಕಕ್ಕೇ ಇಲ್ಲ. ಹೀಗಾಗಿ ಪ್ರತಿಭೆಯುಳ್ಳ ಎಷ್ಟೋ ಆಟಗಾರ್ತಿಯರು ಇಪ್ಪತ್ತರ ಹರೆಯದಲ್ಲೇ ದೇಶದೊಳಗಿನ ಆಟಕ್ಕೆ ಒಗ್ಗಿಹೋಗುತ್ತಾರೆ. ಜಾಂಗ್ ಮತ್ತು ಹಾನ್ ಈ ಸೆಳೆತವನ್ನು ಮೀರಿ ವರ್ಷವರ್ಷವೂ ಸೂಟ್‌ಕೇಸ್ ಕಟ್ಟಿದರು ಎಂಬುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಅವರ ಹಿಂದಿನವರನ್ನು ನೋಡದೆ 114ರ ತೂಕ ಗೊತ್ತಾಗದು. ಲೀ ಡಕ್-ಹೀ 1981ರ ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತು ತಲುಪಿ, 1982ರಲ್ಲಿ ಅಮೆರಿಕದ ಫೋರ್ಟ್ ಮಾಯರ್ಸ್‌ನಲ್ಲಿ ಪ್ರಶಸ್ತಿ ಗೆದ್ದರು. ಡಬ್ಲ್ಯುಟಿಎ ಟೂರ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಕೊರಿಯನ್ ಮಹಿಳೆ ಅವರೇ. ಕೊರಿಯಾದಲ್ಲಿ ಅವರ ಹೆಸರಿನಲ್ಲಿ ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿ ನಡೆಯುತ್ತದೆ. 1990ರ ದಶಕದಲ್ಲಿ ಪಾರ್ಕ್ ಸಂಗ್-ಹೀ 57ನೇ ಸ್ಥಾನಕ್ಕೆ ಬಂದರು. ಜಿಯಾನ್ ಮಿ-ರಾ 1994ರ ವಿಂಬಲ್ಡನ್ ಬಾಲಕಿಯರ ಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ಎದುರು ಸೋತವರು. ಹಿಂಗಿಸ್ ಮೂರು ವರ್ಷದೊಳಗೆ ವಿಶ್ವದ ನಂ. 1 ಆದರೆ ಜಿಯಾನ್‌ಗೆ ನೂರರ ಗೆರೆ ದಾಟಲಾಗಲಿಲ್ಲ. ಚೋ ಯೂನ್-ಜಂಗ್ 2003ರಲ್ಲಿ 45ಕ್ಕೆ ಏರಿದರು. ಅವರು ಮೂರು ಡಬ್ಲ್ಯುಟಿಎ ಫೈನಲ್ ಆಡಿದರು: 2002ರ ಪಟ್ಟಾಯ, 2003ರ ಆಕ್ಲೆಂಡ್, 2006ರ ಕ್ಯಾನ್ಬೆರಾ. ಮೂರರಲ್ಲೂ ಸೋಲು. ಆಕ್ಲೆಂಡ್‌ನದ್ದಂತೂ ಮೂರನೇ ಸೆಟ್ಟಿನ ಟೈಬ್ರೇಕ್‌ನಲ್ಲಿ ಕೈತಪ್ಪಿತು. 2004ರಲ್ಲಿ ಮೊದಲ ಕೊರಿಯಾ ಓಪನ್‌ನ ಡಬಲ್ಸ್ ಅನ್ನು ಚೋ ಮತ್ತು ಜಿಯಾನ್ ಜೋಡಿ ಗೆದ್ದಿತು.

ಚೋ 2007ರ ಯುಎಸ್ ಓಪನ್ ಆಡಿದ ಮೇಲೆ ಕೊರಿಯಾದ ಯಾವ ಹೆಣ್ಣುಮಗಳೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿಗೆ ಬರಲು 12 ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ಬರ ನೀಗಿಸಿದವರು ಹಾನ್ ನಾ-ರೇ. 2019ರ ಕೊನೆಯಲ್ಲಿ ಚೀನಾದ ಜುಹಾಯಿಯಲ್ಲಿ ನಡೆದ ಏಷ್ಯಾ-ಪೆಸಿಫಿಕ್ ವೈಲ್ಡ್ ಕಾರ್ಡ್ ಪ್ಲೇ-ಆಫ್ ಗೆದ್ದು 2020ರ ಆಸ್ಟ್ರೇಲಿಯನ್ ಓಪನ್ ಆಡಿದರು, ಮೊದಲ ಸುತ್ತಿನಲ್ಲಿ ಹಂಗೇರಿಯ ಟಿಮಿಯಾ ಬಾಬೋಸ್‌ಗೆ ಸೋತರು. ಎರಡು ವರ್ಷದ ಮೇಲೆ ಜಾಂಗ್ ಬಂದದ್ದು ವೈಲ್ಡ್ ಕಾರ್ಡ್ ಇಲ್ಲದೆ, ಅರ್ಹತಾ ಸುತ್ತಿನ ಬಾಗಿಲಿನಿಂದ. ಡಬಲ್ಸ್‌ನಲ್ಲಿ ಹಾನ್ ಅವರು ಚೋಯ್ ಜಿ-ಹೀ ಜೊತೆ 2018 ಮತ್ತು 2021ರ ಕೊರಿಯಾ ಓಪನ್ ಗೆದ್ದದ್ದನ್ನೂ ಹೇಳಬೇಕು. 2021ರಲ್ಲಿ ಅದು 125 ದರ್ಜೆಯದ್ದಾಗಿತ್ತು. 2024ರಿಂದ ಅದೇ ಟೂರ್ನಿ 500 ದರ್ಜೆಗೆ ಏರಿದೆ, 2025ರಲ್ಲಿ ಗೆದ್ದವರು ಇಗಾ ಶ್ವಿಯಾಂಟೆಕ್. ನೋಡುಗರಿಗೆ ಹಬ್ಬ, ವೈಲ್ಡ್ ಕಾರ್ಡ್‌ನಲ್ಲಿ ಬರುವ ತವರಿನ ಹುಡುಗಿಗೆ ಮಾತ್ರ ಮೊದಲ ಸುತ್ತೇ ಬೆಟ್ಟ. ಜಾಂಗ್ 18ರಲ್ಲಿ ಮಾಡಿದ್ದನ್ನು ಇವತ್ತಿನ 18ರ ಕೊರಿಯನ್ ಹುಡುಗಿ ಅದೇ ಅಂಕಣದಲ್ಲಿ ಮಾಡುವುದು ಹೆಚ್ಚು ಕಷ್ಟ.

ಈಗ ನಿಮ್ಮ ಮಗಳ ಮಾತು. ಅಂಕಿಗಳು 2024ರಲ್ಲಿ ಬದಲಾಗಿವೆ, ಹಳೆಯ ಲೇಖನಗಳನ್ನು ನಂಬಿ ಯೋಜನೆ ಹಾಕಬೇಡಿ. ಈಗ ಐಟಿಎಫ್ ಮಹಿಳಾ ಟೂರ್ನಿಯ ಹೆಸರಿನಲ್ಲೇ ಗೆದ್ದವರ ಪಾಯಿಂಟ್ ಇದೆ: ಡಬ್ಲ್ಯು15, 35, 50, 75, 100. ಡಬ್ಲ್ಯುಟಿಎ 125 ಗೆದ್ದರೆ 125. ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಇರಬೇಕು. ಮೊದಲು ಐಟಿಎಫ್‌ನ ಐಪಿನ್ (ಆಟಗಾರರ ನೋಂದಣಿ) ಸಂಖ್ಯೆ ಮಾಡಿಸಿ. ಪ್ರವೇಶದ ಅರ್ಜಿ ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ ಮುಗಿಯುತ್ತದೆ. ದಂಡವಿಲ್ಲದೆ ಹಿಂದೆ ಸರಿಯಲು 13 ದಿನ ಮುಂಚಿನ ಮಂಗಳವಾರ ಕೊನೆ. ಈ ಮಂಗಳವಾರವನ್ನು ಮರೆತು ದಂಡ ಕಟ್ಟುವ ತಂದೆತಾಯಿ ತುಂಬ. ಗ್ರ್ಯಾನ್‌ಸ್ಲಾಮ್‌ಗಾದರೆ ಆರು ವಾರ ಮುಂಚಿನ ರ‍್ಯಾಂಕಿಂಗ್ ಲೆಕ್ಕ. ಆಮೇಲೆ ಎಷ್ಟೇ ಗೆದ್ದರೂ ಆ ಸಲದ ನೇರ ಪ್ರವೇಶಕ್ಕೆ ಅದು ನೆರವಾಗದು. 18 ತುಂಬುವವರೆಗೆ ವರ್ಷಕ್ಕೆ ಎಷ್ಟು ವೃತ್ತಿಪರ ಟೂರ್ನಿ ಆಡಬಹುದೆಂಬ ಮಿತಿಯೂ ಇದೆ, ಆ ಎಣಿಕೆಯನ್ನು ಆ ವರ್ಷದ ನಿಯಮಪುಸ್ತಕದಲ್ಲೇ ನೋಡಿಕೊಳ್ಳಿ. ಮಿತಿ ಇರುವುದರಿಂದ ಎಲ್ಲಿ ಆಡಬೇಕೆಂಬ ಆಯ್ಕೆ ಇನ್ನೂ ಮುಖ್ಯ.

ಆಯ್ಕೆ ಹೇಗೆ? ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಹೋಗಿಬರಬಹುದಾದ ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಕಣಗಳಲ್ಲೂ, ದೇಶದ ಬೇರೆ ನಗರಗಳಲ್ಲೂ ಐಟಿಎಫ್ ಮಹಿಳಾ ಟೂರ್ನಿಗಳು ನಡೆಯುತ್ತವೆ. ಮೊದಲ ಪಾಯಿಂಟ್‌ಗಳಿಗೆ ಅವು ಸಾಕು. ಮೂರು-ನಾಲ್ಕು ವಾರದ ಗುಂಪುಗಳಾಗಿ ಯೋಜಿಸಿ. ಒಂದು ಗುಂಪು ಒಂದೇ ಬಗೆಯ ಅಂಕಣದ ಮೇಲಿರಲಿ, ಊರೂರಿನ ನಡುವೆ ಬಸ್ಸು-ರೈಲಿನ ದೂರವಿರಲಿ, ಗುಂಪಿನ ನಡುವೆ ಕನಿಷ್ಠ ಎರಡು ವಾರ ಅಭ್ಯಾಸಕ್ಕೆ ಬಿಡಿ. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಸುಲಭ ಪಾಯಿಂಟ್ ಸಿಗುತ್ತದೆಂದು ವರ್ಷಗಟ್ಟಲೆ ಡಬ್ಲ್ಯು15ರಲ್ಲೇ ಉಳಿಯುವುದು. ಹತ್ತು ವಾರ ಸೆಮಿಫೈನಲ್ ತಲುಪಿದರೂ ಆ ಪಾಯಿಂಟ್ ಗ್ರ್ಯಾನ್‌ಸ್ಲಾಮ್ ಅರ್ಹತಾ ಸುತ್ತಿನ ಹತ್ತಿರಕ್ಕೂ ಒಯ್ಯದು. ಇನ್ನೊಂದು, ಒಂದು ಒಳ್ಳೆಯ ವಾರ ನೋಡಿ ಮೂರು ದರ್ಜೆ ಮೇಲಕ್ಕೆ ಜಿಗಿದು ಎರಡು ತಿಂಗಳು ಬರೀ ಸೋಲು ಉಣ್ಣುವುದು. ಮೂರು ಟೂರ್ನಿ ಆಡಿದರೆ ಎರಡು ಅವಳ ಮಟ್ಟದ್ದು, ಒಂದು ಅದಕ್ಕಿಂತ ಒಂದು ದರ್ಜೆ ಮೇಲಿನದು, ಇದು ಕೆಲಸ ಮಾಡುವ ಅನುಪಾತ. ವಾರವಾರವೂ ಒಂದು ಕಾಗದದಲ್ಲಿ ಎರಡು ಸಾಲು ಬರೆದಿಡಿ: ಈ ವಾರ ಬಂದ ಪಾಯಿಂಟ್, ಮುಂದಿನ ವರ್ಷ ಇದೇ ವಾರ ಉದುರುವ ಪಾಯಿಂಟ್. ಎರಡನೆಯ ಸಾಲಿನಲ್ಲಿ ಎಲ್ಲಾದರೂ ದೊಡ್ಡ ಸಂಖ್ಯೆ ಕಂಡರೆ ಅದಕ್ಕೆ ಮೂರು ತಿಂಗಳು ಮುಂಚಿನಿಂದಲೇ ಟೂರ್ನಿಗಳನ್ನು ಹೆಚ್ಚಿಸಿ.

ಮುಂದೆ ಯಾವುದಾದರೂ ಸಂಸ್ಥೆ ಸಂಬಳದ ಕೆಲಸ ಕೊಟ್ಟರೆ ಖಂಡಿತ ತೆಗೆದುಕೊಳ್ಳಿ, ಆದರೆ ಸಹಿಗೆ ಮುಂಚೆ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ವರ್ಷಕ್ಕೆ ಎಷ್ಟು ವಾರ ಸಂಸ್ಥೆಗಾಗಿ ಆಡಬೇಕು, ಆ ವಾರಗಳು ಯಾವ ತಿಂಗಳಲ್ಲಿ ಬರುತ್ತವೆ, ಹೊರದೇಶದ ಟೂರ್ನಿಗೆ ಸಂಬಳಸಹಿತ ರಜೆ ಎಷ್ಟು ದಿನ. ಕೊರಿಯಾದ ಆಟಗಾರ್ತಿಯರಿಗೆ ಸಿಲಪ್ ತಂಡ ವರವಾಗುವುದೋ ಕಟ್ಟಾಗುವುದೋ ಎಂಬುದನ್ನು ತೀರ್ಮಾನಿಸುವುದು ಸಂಬಳದ ಮೊತ್ತಕ್ಕಿಂತ ಹೆಚ್ಚಾಗಿ ಈ ಮೂರು ಉತ್ತರಗಳೇ.

27 ತಡವಾಯಿತೇ ಎಂಬ ಅನುಮಾನ ನಿಮ್ಮ ಪ್ರಶ್ನೆಯ ಹಿಂದಿದೆ. ಇಲ್ಲ. ಭಾರತದ ಅಂಕಿತಾ ರೈನಾ ತಮ್ಮ ಅತ್ಯುತ್ತಮ 160ನೇ ಸ್ಥಾನ ತಲುಪಿದ್ದು 2020ರಲ್ಲಿ, 27 ತುಂಬಿದ ಮೇಲೆ. ಸಣ್ಣ ಟೂರ್ನಿಗಳಿಂದ ಮೆಟ್ಟಿಲು ಹತ್ತುವವರಿಗೆ ಅದು ಸಹಜ ವಯಸ್ಸು. 16ರಲ್ಲಿ ನೋಡಬೇಕಾದ್ದು ರ‍್ಯಾಂಕಿಂಗ್ ಅಲ್ಲ, ಮೂರನೇ ಸೆಟ್. ಕಳೆದ ಆರು ತಿಂಗಳಲ್ಲಿ ನಿಮ್ಮ ಮಗಳು ಮೂರನೇ ಸೆಟ್‌ಗೆ ಹೋದ ಪಂದ್ಯಗಳನ್ನು ಎಣಿಸಿ. ಅದರಲ್ಲಿ ಗೆದ್ದವೆಷ್ಟು, ಸೋತವುಗಳಲ್ಲಿ ಕಾಲು ಸೋತು ಸೋತದ್ದೆಷ್ಟು, ಎರಡನೇ ಸರ್ವ್ ಕೈಕೊಟ್ಟು ಸೋತದ್ದೆಷ್ಟು ಎಂದು ಬೇರೆಬೇರೆ ಬರೆದು ಅವಳ ಕೋಚ್ ಮುಂದಿಡಿ.